ಮಂಗಳೂರಿನ ಮಳೆ ಬಿಡ್ರಿ, ಮಚಲಿಪಟ್ಟಣದ ಗಾಳಿ ನೋಡ್ರಿ: ಹಿಂಗಾರಿನಲ್ಲಿ ನೆಲ್ಲು ಕೊಯ್ಯುವವರಿಗೆ ಕರಾವಳಿ ಹವಾಮಾನ ಓದುವ ಬಗೆ

ನಮ್ಮ ಮನೆಯವರು ಅಕ್ಕಿ ಲಾರಿ ಓಡಿಸುತ್ತಾರೆ. ಕಾರಟಗಿಯಲ್ಲಿ ಲೋಡು ತುಂಬಿದರೆ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಆಚೆ ಅರಬೈಲು ಘಟ್ಟ ಇಳಿದು ಅಂಕೋಲಾ, ಕುಮಟಾ, ಒಮ್ಮೊಮ್ಮೆ ಮಂಗಳೂರಿನ ತನಕ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಆರು ಎಕರೆ ನೆಲ್ಲು ನನ್ನ ಪಾಲಿಗೆ. ನೀರು ಕಟ್ಟಿಸುವುದು, ಆಳು ಕರೆಯುವುದು, ಕೊಯ್ಯುವ ಮಷಿನ್‌ನವರ ಜೊತೆ ಜಗಳ ಆಡುವುದು ಎಲ್ಲಾ ನಾನೇ.

ಕೆಲವು ವರ್ಷಗಳ ಹಿಂದೆ, ನವೆಂಬರ್ ಶುರುವಿನಲ್ಲಿ, ರಾತ್ರಿ ಹತ್ತರ ಸುಮಾರಿಗೆ ಘಟ್ಟದಿಂದ ಫೋನ್ ಬಂತು. “ಇಲ್ಲಿ ಮಳಿ ಹೆಂಗ್ ಹೊಡಿಲಿಕ್ಕತ್ತೈತಿ ಅಂದ್ರ, ವೈಪರ್ ಹಾಕಿದ್ರೂ ರಸ್ತಾ ಕಾಣವಲ್ದು. ಟಿವ್ಯಾಗೂ ಕರಾವಳಿಗೆ ಭಾರಿ ಮಳಿ ಅನ್ನಾಕತ್ತಾರ. ನಾಳೆ ನಾಡ್ದು ನಮ್ ಕಡೆ ಬಂದೇ ಬರ್ತೈತಿ. ನೆಲ್ಲು ಕೊಯ್ಸಿಬಿಡು.”

ಕೊಯ್ಸಿಬಿಟ್ಟೆ. ತೆನೆಯ ಬುಡದ ಕಾಳು ಇನ್ನೂ ಹಸಿರಿತ್ತು. ವ್ಯಾಪಾರಿ ಬಂದು ತೇವ ನೋಡುವ ಡಬ್ಬಿಗೆ ಒಂದು ಹಿಡಿ ಕಾಳು ಹಾಕಿ, ಮುಖ ಸಿಂಡರಿಸಿ, “27 ತೋರಿಸ್ತೈತಿ ಅಕ್ಕಾ” ಅಂದ. 75 ಕೆಜಿ ಚೀಲಕ್ಕೆ ಆತ ಮುರಿದುಕೊಂಡ ರೇಟು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಳೆ? ಹನ್ನೆರಡು ದಿನ ಒಂದು ಹನಿ ಬೀಳಲಿಲ್ಲ. ಅಂಗಳದಲ್ಲಿ ಹಪ್ಪಳ ಒಣಗಿಸಿದೆವು.

ಅದರ ಸಿಟ್ಟಿಗೆ 2021ರ ನವೆಂಬರ್‌ನಲ್ಲಿ ಯಾರು ಏನು ಹೇಳಿದರೂ ಕೇಳಲಿಲ್ಲ. ಪಕ್ಕದ ಕ್ಯಾಂಪಿನ (ಆಂಧ್ರದಿಂದ ಬಂದು ನೆಲೆಸಿದವರ ಊರು) ಅತ್ತಮ್ಮ, ಅವರ ಬೀಗರು ಇರುವುದು ಕೃಷ್ಣಾ ಜಿಲ್ಲೆಯಲ್ಲಿ, “ಸಮುದ್ರದಾಗ ಗುಂಡಂ ಎದ್ದೈತೆ, ಬೇಗ ಕೊಯ್ಯಮ್ಮಾ” ಅಂತ ಎರಡು ಸಲ ಹೇಳಿಕಳಿಸಿದ್ದರು. ಗುಂಡಂ ಅಂದರೆ ತೆಲುಗಿನಲ್ಲಿ ವಾಯುಭಾರ ಕುಸಿತ. ಅದು ಚೆನ್ನೈ ಕಡೆಯದ್ದು, ಆ ಸುದ್ದಿ ನನಗ್ಯಾಕೆ ಅಂದುಕೊಂಡೆ. ನವೆಂಬರ್ 19ರ ಬೆಳಗಿನ ಜಾವ ಅದು ಚೆನ್ನೈ, ಪುದುಚೇರಿ ನಡುವೆ ತೀರ ದಾಟಿತು. ಕಡಪ, ತಿರುಪತಿ ಕಡೆ ಊರುಗಳೇ ಮುಳುಗಿದವು. ನಮ್ಮಲ್ಲಿ ಜಡಿಮಳೆ. ಸೊಂಟದೆತ್ತರ ನಿಂತಿದ್ದ ನೆಲ್ಲು ಚಾಪೆ ಹಾಸಿದ ಹಾಗೆ ಮಲಗಿತು, ಮಲಗಿದ್ದು ನೀರಿನಲ್ಲಿ, ವಾರದೊಳಗೆ ತೆನೆಯಲ್ಲೇ ಬಿಳಿ ಮೊಳಕೆ.

ಈ ಎರಡು ಪೆಟ್ಟು ತಿಂದ ಮೇಲೆ ಹವಾಮಾನ ಓದುವುದು ಕಲಿತೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕಣದಲ್ಲೋ ಹೊಲದಲ್ಲೋ ಕಾಳು ಇಟ್ಟುಕೊಂಡು ಕೂತವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಯಾವ ಕರಾವಳಿ?

ನಕ್ಷೆ ತೆಗೆದು ಗೆರೆ ಎಳೆದರೆ ಗಂಗಾವತಿಯಿಂದ ಮಂಗಳೂರು ಸುಮಾರು 330 ಕಿಲೋಮೀಟರ್, ಕಾರವಾರ ಇನ್ನೂ ಹತ್ತಿರ. ಆಂಧ್ರ ತೀರದ ಮಚಲಿಪಟ್ಟಣ ಹತ್ತಿರ ಹತ್ತಿರ 500. ಹಾಗಾಗಿ ಮಂಗಳೂರಿನ ಮಳೆಯೇ ನಮಗೆ ಮೊದಲು ಬರಬೇಕು ಅನ್ನಿಸುವುದು ಸಹಜ. ಆದರೆ ನಡುವೆ ಪಶ್ಚಿಮ ಘಟ್ಟ ಗೋಡೆ ಹಾಗೆ ನಿಂತಿದೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದಿಂದ ಬರುವ ಗಾಳಿ ಆ ಗೋಡೆ ಹತ್ತುವಾಗಲೇ ಬಹುಪಾಲು ನೀರು ಸುರಿದುಬಿಡುತ್ತದೆ. ನಮ್ಮ ಕಡೆ ಇಳಿಯುವುದು ಬರೀ ಗಾಳಿ. ಆಷಾಢದಲ್ಲಿ ಕೊಡೆ ಹಾರಿಹೋಗುವಷ್ಟು ಗಾಳಿ ಬೀಸಿದರೂ ಹೊಲ ಒಣಗೇ ಇರುವುದನ್ನು ನಾವೆಲ್ಲಾ ನೋಡಿದ್ದೇವೆ.

ಅಕ್ಟೋಬರ್ ಅರ್ಧಕ್ಕೆ ಆ ಗಾಳಿಯೂ ನಿಲ್ಲುತ್ತದೆ. ಮುಂಗಾರು ದೇಶ ಬಿಟ್ಟುಹೋಗುವ ವಾಡಿಕೆಯ ದಿನ ಅಕ್ಟೋಬರ್ 15. ಅಲ್ಲಿಂದ ನಾಲ್ಕೈದು ದಿನಕ್ಕೆ ಗಾಳಿ ದಿಕ್ಕು ಬದಲಾಯಿಸಿ ಈಶಾನ್ಯದಿಂದ ಬೀಸಲು ಶುರು. ಆ ಹೊತ್ತಿನಲ್ಲೂ ಕರಾವಳಿಯಲ್ಲಿ ಮಳೆ ಇರುತ್ತದೆ: ಮಧ್ಯಾಹ್ನದ ತನಕ ಬಿಸಿಲು, ಮೂರು ನಾಲ್ಕರ ಮೇಲೆ ಗುಡುಗು ಸಿಡಿಲು, ರಾತ್ರಿಗೆ ಮತ್ತೆ ನಕ್ಷತ್ರ. ಮನೆಯವರು ಘಟ್ಟದಲ್ಲಿ ಸಿಕ್ಕಿಕೊಂಡಿದ್ದು ಅಂಥದ್ದರಲ್ಲೇ. ಆ ಮಳೆ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ, ಲಾರಿ ಹಿಂದೆ ಓಡಿಕೊಂಡು ಕಾರಟಗಿಗೆ ಬರುವುದಿಲ್ಲ.

ಹಿಂಗಾರಿನಲ್ಲಿ ನಮ್ಮ ಕೆಡುಕೆಲ್ಲಾ ಮೂಡಣದ್ದು. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ, ಆಂಧ್ರದ ತೀರ ದಾಟಿ, ಕರ್ನೂಲು, ಆದೋನಿ ಮೇಲೆ ಹಾದು ಬರುವಂಥದ್ದು. ಆ ಹಾದಿಯಲ್ಲಿ ಘಟ್ಟದಂಥ ಗೋಡೆ ಇಲ್ಲ. ಇರುವ ನಲ್ಲಮಲ ಗುಡ್ಡಗಳು ಅದನ್ನು ತಡೆದು ನಿಲ್ಲಿಸುವಷ್ಟು ಎತ್ತರವೂ ಅಲ್ಲ, ಉದ್ದವೂ ಅಲ್ಲ. 2009ರ ಅಕ್ಟೋಬರ್ ಮೊದಲ ವಾರ ಮಂತ್ರಾಲಯ, ಕರ್ನೂಲು ಮುಳುಗಿ, ನಮ್ಮ ಮೂರೂ ಜಿಲ್ಲೆಗಳಲ್ಲಿ ಮನೆಗಳು ಕುಸಿದ ನೆನಪು ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಟಿವಿಯಲ್ಲಿ “ಕರಾವಳಿಯಲ್ಲಿ ಭಾರಿ ಮಳೆ” ಅಂದ ಕೂಡಲೇ ಯಾವ ಕರಾವಳಿ ಅಂತ ಕೇಳಿ. ಹವಾಮಾನ ಇಲಾಖೆಯ ಪಟ್ಟಿಯಲ್ಲಿ “ಕರಾವಳಿ ಕರ್ನಾಟಕ” ಬೇರೆ ಸಾಲು, “ಕರಾವಳಿ ಆಂಧ್ರ ಮತ್ತು ಯಾಣಂ” ಬೇರೆ ಸಾಲು. ನೆಲ್ಲು ಬೆಳೆದವರು ಓದಬೇಕಾದ್ದು ಎರಡನೆಯದನ್ನು.

ನಾಲ್ಕು ಸಾಲು, ಈ ಕ್ರಮದಲ್ಲೇ

ನಾನು ಬೆಳಿಗ್ಗೆ ಚಹಾ ಕುದಿಯುವುದರೊಳಗೆ ಓದಿ ಮುಗಿಸುತ್ತೇನೆ. ಮೊದಲು ಮೀನುಗಾರರಿಗೆ ಕೊಟ್ಟ ಎಚ್ಚರಿಕೆ. ಸಮುದ್ರವನ್ನೇ ಕಾಣದ ನಾವು ಮೀನುಗಾರರ ಸುದ್ದಿ ಓದುವುದೇ ಅಂತ ನಗಬೇಡಿ. ಮಳೆ ಎಚ್ಚರಿಕೆಯ ಬಣ್ಣ ಇನ್ನೂ ಹಸಿರು (ಚಿಂತೆಯಿಲ್ಲ ಅಂತ ಅರ್ಥ) ಇರುವಾಗಲೇ “ಆಂಧ್ರ ತೀರದಲ್ಲಿ ಗಂಟೆಗೆ 45ರಿಂದ 55 ಕಿಮೀ ಗಾಳಿ, ಸಮುದ್ರಕ್ಕೆ ಇಳಿಯಬೇಡಿ, ಇಳಿದವರು ದಡಕ್ಕೆ ಬನ್ನಿ” ಅಂತ ಹೇಳುವ ಸಾಲು ಅದು. ಬೋಟು ವಾಪಸು ಬರಲು ಹೊತ್ತು ಬೇಕಲ್ಲ, ಅದಕ್ಕೇ ಅವರಿಗೆ ಮುಂಚೆ ಹೇಳುತ್ತಾರೆ. ಅವರ ಆ ಹೊತ್ತೇ ನಮಗೆ ಮಷಿನ್ ಹುಡುಕುವ ಹೊತ್ತು.

ಆಮೇಲೆ ಕರಾವಳಿ ಆಂಧ್ರ. ಆಮೇಲೆ ರಾಯಲಸೀಮೆ. ಕರ್ನೂಲು, ಅನಂತಪುರದ ಸಾಲಿಗೆ ಹಳದಿ ಬಂತು ಅಂದರೆ ನಮಗೆ ಉಳಿದಿರುವುದು ಒಂದು ದಿನ, ಹೆಚ್ಚೆಂದರೆ ಒಂದೂವರೆ.

ಕೊನೆಗೆ ನಮ್ಮ ಸಾಲು. ಇಲ್ಲಿ ಒಂದು ತೊಡಕಿದೆ. ಕೊಪ್ಪಳ, ರಾಯಚೂರು ಹವಾಮಾನ ಇಲಾಖೆಗೆ “ಉತ್ತರ ಒಳನಾಡು”. ಬಳ್ಳಾರಿ “ದಕ್ಷಿಣ ಒಳನಾಡು”. ನನ್ನ ಅಕ್ಕನನ್ನು ಕೊಟ್ಟಿರುವುದು ಹೊಳೆ ಆಚೆ, ಸಿರುಗುಪ್ಪ ತಾಲ್ಲೂಕಿಗೆ. ಅವಳ ಗದ್ದೆಗೂ ನನ್ನ ಗದ್ದೆಗೂ ಬೀಳುವುದು ಒಂದೇ ಮಳೆ, ಆದರೆ ಅವಳು ನೋಡಬೇಕಾದ್ದು ಬೆಂಗಳೂರು, ಮೈಸೂರು ಇರುವ ಸಾಲು. ಎಷ್ಟೋ ಬಳ್ಳಾರಿಯವರು “ಉತ್ತರ ಒಳನಾಡಿನಲ್ಲಿ ಒಣಹವೆ” ಅಂತ ಕೇಳಿ ನಿಶ್ಚಿಂತೆಯಿಂದ ಮಲಗುತ್ತಾರೆ. ಜಿಲ್ಲೆಯ ಹೆಸರೇ ಹಾಕಿ ನೋಡಿದರೆ ಈ ಗೋಜು ಇಲ್ಲ.

ಎಲ್ಲಿ ಸಿಗುತ್ತದೆ ಅಂದರೆ, ಫೋನಿನಲ್ಲಿ ಮೌಸಂ ಆ್ಯಪ್, ರೈತರಿಗೆ ಮೇಘದೂತ್. ಮೇಘದೂತ್‌ನಲ್ಲಿ ಮಂಗಳವಾರ, ಶುಕ್ರವಾರ ಜಿಲ್ಲೆಯ ಕೃಷಿ ಸಲಹೆಯೂ ಕನ್ನಡದಲ್ಲೇ ಬರುತ್ತದೆ. ಓದಲು ಬಾರದವರಿಗೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ, ಹಗಲು ರಾತ್ರಿ ಫೋನ್ ಎತ್ತುತ್ತಾರೆ. ಊರು, ಹೋಬಳಿ ಹೇಳಿದರೆ ಸಾಕು.

ಮಾತಿನ ಅಳತೆ

ಕನ್ನಡ ಸುದ್ದಿಯಲ್ಲಿ ಎಲ್ಲದಕ್ಕೂ ಒಂದೇ ಮಾತು: ವಾಯುಭಾರ ಕುಸಿತ. ಸಣ್ಣದಕ್ಕೂ ಅದೇ, ದೊಡ್ಡದಕ್ಕೂ ಅದೇ. ಈ ವಿಷಯದಲ್ಲಿ ತೆಲುಗು ಟಿವಿ ವಾಸಿ, ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತಾರೆ. ನಮ್ಮ ಕಡೆ ತೆಲುಗು ಅರ್ಥ ಆಗದವರು ಕಡಿಮೆ, ಹಾಗಾಗಿ ಅವರ ಮಾತನ್ನೇ ಹಿಡಿದುಕೊಳ್ಳಿ. ಸುತ್ತುವ ಗಾಳಿ ಗಂಟೆಗೆ 31 ಕಿಮೀಗಿಂತ ಕಡಿಮೆ ಇದ್ದರೆ ಅಲ್ಪಪೀಡನಂ. 31ರಿಂದ 49 ಇದ್ದರೆ ವಾಯುಗುಂಡಂ. ಅತ್ತಮ್ಮ ಹೇಳುವ ‘ಗುಂಡಂ’ ಇದೇ. 50ರಿಂದ 61 ತೀವ್ರ ವಾಯುಗುಂಡಂ. 62 ಮುಟ್ಟಿದ ಮೇಲೆ ತುಫಾನು, ಆಗ ಅದಕ್ಕೆ ಹೆಸರಿಡುತ್ತಾರೆ. 89 ದಾಟಿದರೆ ತೀವ್ರ ತುಫಾನು, 118 ದಾಟಿದರೆ ಅತಿ ತೀವ್ರ.

ಇಲ್ಲೇ ಜನ ಎಡವುವುದು. ಹೆಸರಿಟ್ಟ ತುಫಾನಿಗೆ ಹೆದರುತ್ತಾರೆ, ಹೆಸರಿಲ್ಲದ ಗುಂಡಂ ಅನ್ನು ಕಡೆಗಣಿಸುತ್ತಾರೆ. ಮೇಲೆ ಹೇಳಿದ ಅಳತೆಯೆಲ್ಲಾ ಗಾಳಿಯದ್ದು, ಮಳೆಯದ್ದಲ್ಲ. 2014ರ ಅಕ್ಟೋಬರ್ 12ಕ್ಕೆ ವಿಶಾಖಪಟ್ಟಣವನ್ನು ಕಿತ್ತುಹಾಕಿದ ಹುದ್‌ಹುದ್ ಅತಿ ತೀವ್ರ ತುಫಾನು, ಆದರೆ ಅದು ತೀರ ದಾಟಿ ಛತ್ತೀಸ್‌ಗಢದ ಕಡೆ ನಡೆಯಿತು. 2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡ ಹತ್ತಿರ ದಾಟಿದ್ದಕ್ಕೆ ಹೆಸರೂ ಇರಲಿಲ್ಲ, ಬರೀ ತೀವ್ರ ವಾಯುಗುಂಡಂ. ಅದು ಪಶ್ಚಿಮಕ್ಕೆ ನಡೆದು ಹೈದರಾಬಾದ್ ಮುಳುಗಿಸಿತು, ಭೀಮಾ ಉಕ್ಕಿ ಕಲಬುರಗಿ, ಯಾದಗಿರಿಯ ಊರುಗಳು ನೀರಿನಲ್ಲಿ ನಿಂತವು.

ಅಂದಮೇಲೆ ಎಷ್ಟು ಜೋರು ಅನ್ನುವುದಕ್ಕಿಂತ ಎಲ್ಲಿ ದಾಟುತ್ತದೆ, ದಾಟಿದ ಮೇಲೆ ಯಾವ ಕಡೆ ತಿರುಗುತ್ತದೆ ಅನ್ನುವುದನ್ನು ನೋಡಬೇಕು. ನೆಲ್ಲೂರು, ಬಾಪಟ್ಲ, ಮಚಲಿಪಟ್ಟಣ, ಕಾಕಿನಾಡ ಈ ಹೆಸರುಗಳ ಜೊತೆ “ಪಶ್ಚಿಮ-ವಾಯವ್ಯ ದಿಕ್ಕಿಗೆ” ಅನ್ನುವ ಮಾತು ಸೇರಿದರೆ ನಮ್ಮ ಮನೆ ಬಾಗಿಲಿಗೇ ಬರುತ್ತಿದೆ ಅಂತ ಲೆಕ್ಕ. “ಉತ್ತರಕ್ಕೆ” ಅಂದರೆ ಅರ್ಧ ಉಸಿರು ಬಿಡಬಹುದು. 2023ರ ಡಿಸೆಂಬರ್ 5ಕ್ಕೆ ಬಾಪಟ್ಲ ಹತ್ತಿರ ದಾಟಿದ ಮಿಚಾಂಗ್ ಹಾಗೇ ಉತ್ತರದ ಹಾದಿ ಹಿಡಿಯಿತು. ಚೆನ್ನೈ, ಪುದುಚೇರಿ ಹತ್ತಿರ ದಾಟುವುದು ಇನ್ನೊಂದು ಜಾತಿ. ಗಾಳಿ ಇರುವುದಿಲ್ಲ, ಅಬ್ಬರ ಇರುವುದಿಲ್ಲ, ಮೂರು ನಾಲ್ಕು ದಿನ ಮುಖ ತೋರಿಸದ ಸೂರ್ಯ, ಜಿನುಗು. ನೆಲ್ಲಿಗೆ ಒಂದು ಗಂಟೆಯ ಬಡಿತಕ್ಕಿಂತ ಈ ಜಿನುಗೇ ಕೆಟ್ಟದ್ದು ಅಂತ ನನ್ನ ಅನುಭವ. (ಬಾಪಟ್ಲದ ಹೆಸರು ಬಂತಲ್ಲ, ನಾವೆಲ್ಲಾ ಬೆಳೆಯುವ ನೆಲ್ಲಿನ ತಳಿ ಬಿಪಿಟಿ-5204ರ ‘ಬಿಪಿಟಿ’ ಆ ಊರಿನದ್ದೇ. ಬೀಜವೂ ಅಲ್ಲಿಂದ, ತುಫಾನೂ ಅಲ್ಲಿಂದ.)

ಹೊತ್ತಿನ ಲೆಕ್ಕ ಸುಲಭ. ಇಂಥವು ಸಾಮಾನ್ಯವಾಗಿ ಗಂಟೆಗೆ 10ರಿಂದ 15 ಕಿಮೀ ವೇಗದಲ್ಲಿ ನಡೆಯುತ್ತವೆ, ಅಂದರೆ ಎತ್ತಿನ ಬಂಡಿಗಿಂತ ಜೋರು, ಸೈಕಲ್‌ನಷ್ಟು. ಮಚಲಿಪಟ್ಟಣದಿಂದ ನಮ್ಮಲ್ಲಿಗೆ 500 ಕಿಮೀ. ಒಂದೂವರೆಯಿಂದ ಎರಡು ದಿನ. ಆದರೆ ಮೋಡ ಅದಕ್ಕಿಂತ ಮುಂದೆ ಮುಂದೆ ನಡೆಯುತ್ತದೆ, ಹಾಗಾಗಿ ಅದರಲ್ಲಿ ಅರ್ಧ ದಿನ ಕಳೆಯಿರಿ.

ಮಳೆಗೆ ಬೇರೆ ಅಳತೆ ಇದೆ. 24 ಗಂಟೆಯಲ್ಲಿ 15.5 ಮಿಮೀ ತನಕ ಹಗುರ, 64.4ರ ತನಕ ಸಾಧಾರಣ, 64.5ರಿಂದ 115.5 ಭಾರಿ, 204.4ರ ತನಕ ಅತಿ ಭಾರಿ. “ಸಾಧಾರಣ” ಅನ್ನುವ ಮಾತು ನಮ್ಮನ್ನು ಮೋಸ ಮಾಡುತ್ತದೆ. 60 ಮಿಮೀ ಅವರ ಪುಸ್ತಕದಲ್ಲಿ ಸಾಧಾರಣ. ಕಣದಲ್ಲಿ ಹರವಿದ ನೆಲ್ಲಿಗೆ ಅದು ಪ್ರಳಯ. “ಒಂದೆರಡು ಕಡೆ” ಅಂದರೆ ಮಳೆಮಾಪಕ ಇಟ್ಟ ಜಾಗಗಳಲ್ಲಿ ಕಾಲು ಭಾಗದ ಒಳಗೆ, “ಬಹುತೇಕ ಕಡೆ” ಅಂದರೆ ಮುಕ್ಕಾಲಿಗಿಂತ ಹೆಚ್ಚು. ಒಂದೆರಡು ಕಡೆ ಅಂದಿದ್ದಕ್ಕೆ ನಾನು ಮಷಿನ್ ತರಿಸುವುದಿಲ್ಲ, ತಾಡಪತ್ರಿ ಮಾತ್ರ ಕಣಕ್ಕೆ ತಂದಿಟ್ಟುಕೊಳ್ಳುತ್ತೇನೆ.

ಇನ್ನೊಂದು, ಯಾರೂ ಹೇಳದ್ದು: ಅವರ ದಿನ ಶುರುವಾಗುವುದು ಬೆಳಿಗ್ಗೆ 8:30ಕ್ಕೆ, ಮುಗಿಯುವುದು ಮರುದಿನ 8:30ಕ್ಕೆ. ಮಂಗಳವಾರದ ಕಿತ್ತಳೆ ಎಚ್ಚರಿಕೆ ಅಂದರೆ ಬುಧವಾರ ಬೆಳಗಿನ ತಿಂಡಿ ಹೊತ್ತಿನ ತನಕ. “ಮಂಗಳವಾರ ಮುಗಿತಲ್ಲ, ಬರಲೇ ಇಲ್ಲ” ಅಂತ ಬುಧವಾರ ಬೆಳಗಿನ ಜಾವ ತಾಡಪತ್ರಿ ತೆಗೆದು ನೆನೆಸಿಕೊಂಡವರಲ್ಲಿ ನಾನೂ ಒಬ್ಬಳು.

ಹೊಲದಲ್ಲಿ ನಿಂತು

ಫೋನ್ ಸಿಗ್ನಲ್ ಇಲ್ಲದಾಗ ಮಾಡಲು ಒಂದು ಉಪಾಯ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಎಡಗೈ ಪಕ್ಕಕ್ಕೆ ಚಾಚಿ, ತುಸು ಮುಂದಕ್ಕೆ ತನ್ನಿ. ಕೈ ತೋರಿಸುವ ಕಡೆಗೇ ಆ ವಾಯುಭಾರ ಕುಸಿತ ಇರುತ್ತದೆ. ನಮ್ಮ ಭೂಮಿಯ ಈ ಅರ್ಧದಲ್ಲಿ ಅದರ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದರಿಂದ ಹೀಗೆ. ಬಡಗಣ ಗಾಳಿ ಬೀಸುತ್ತಿದ್ದರೆ ನೀವು ತೆಂಕಣಕ್ಕೆ ಮುಖ ಮಾಡಿ ನಿಂತಿರುತ್ತೀರಿ, ಎಡಗೈ ಮೂಡಣಕ್ಕೆ, ಅಂದರೆ ಅದು ಇನ್ನೂ ಆಂಧ್ರದ ಕಡೆ. ಗಾಳಿ ತಿರುಗಿ ಪಡುವಣದಿಂದ ಬೀಸಲು ಶುರುವಾದರೆ ಎಡಗೈ ಬಡಗಣಕ್ಕೆ. ಅದು ತೆಲಂಗಾಣದ ಮೇಲೆ ಹತ್ತಿದೆ, ನಮ್ಮನ್ನು ಎಡಕ್ಕೆ ಬಿಟ್ಟು ಹೋಗುತ್ತಿದೆ. ಇದನ್ನು ಕಲಿತ ಹೊಸದರಲ್ಲಿ ನಾನು ಬದುವಿನ ಮೇಲೆ ಕೈ ಚಾಚಿ ನಿಂತಿದ್ದು ನೋಡಿ ಆಳುಮಕ್ಕಳು “ಅಕ್ಕಗ ಏನೋ ಆಗೈತಿ” ಅಂದಿದ್ದರಂತೆ.

ಗಾಳಿ ಒಂದನ್ನೇ ನಂಬಬೇಡಿ, ಹಿಂಗಾರಿನಲ್ಲಿ ತೆಳು ಈಶಾನ್ಯ ಗಾಳಿ ದಿನಾ ಇರುವುದೇ. ಅದರ ಜೊತೆ ಇಬ್ಬನಿ ನೋಡಿ. ಕಾರ್ತಿಕದಲ್ಲಿ ಬೆಳಿಗ್ಗೆ ನೆಲ್ಲಿನ ಎಲೆ ಮುಟ್ಟಿದರೆ ಸೀರೆ ಸೆರಗು ನೆನೆಯಬೇಕು. ಆಕಾಶ ಬರಿದಾಗಿ, ಗಾಳಿ ಇಲ್ಲದಿದ್ದರೆ ಮಾತ್ರ ಹಾಗೆ ಇಬ್ಬನಿ ಕೂಡುತ್ತದೆ. ಒಂದು ದಿನ ಎದ್ದು ನೋಡಿದಾಗ ಎಲೆ ಒಣಗಿದ್ದು, ಮೂಡಣದಲ್ಲಿ ಹಿಂಜಿದ ಅರಳೆಯಂಥ ಮೋಡ ಇದ್ದರೆ ಫೋನ್ ತೆಗೆದು ಮೊದಲ ಸಾಲು ಓದಿ. ನಮ್ಮ ಅತ್ತೆ ಇರುವೆ ಸಾಲು, ಗುಬ್ಬಿಯ ಮಣ್ಣುಸ್ನಾನ ನೋಡಿ ಹೇಳುತ್ತಾರೆ. ಅವರ ಮಾತಿಗೆ ಹ್ಞೂಂ ಅನ್ನುತ್ತೇನೆ. ಆದರೆ ಅದನ್ನು ನಂಬಿ ಮಷಿನ್‌ಗೆ ಮುಂಗಡ ಕೊಡುವುದಿಲ್ಲ.

ಅತ್ತೆಯ ಮಳೆ ಲೆಕ್ಕ ಮಾತ್ರ ನಾನೂ ಬಿಟ್ಟಿಲ್ಲ. ಅಕ್ಟೋಬರ್ ಎರಡನೇ ವಾರದಿಂದ ಚಿತ್ತಿ, ತಿಂಗಳ ಕೊನೆಗೆ ಸ್ವಾತಿ, ನವೆಂಬರ್ ಮೊದಲ ವಾರ ದಾಟಿದರೆ ವಿಶಾಖ. ಸ್ವಾತಿ ಮಳೆ ಬಿದ್ದರೆ ಮುತ್ತಿನಂಥ ಜೋಳ ಅನ್ನುತ್ತಾರಲ್ಲ, ಅದು ಎರೆ ಹೊಲದವರ ಮಾತು. ಯಲಬುರ್ಗಾ ಕಡೆ ನನ್ನ ತಮ್ಮ ಬಿಳಿಜೋಳ, ಕಡಲೆ ಬಿತ್ತಿ ಆ ಮಳೆಗೆ ಕೈಮುಗಿದು ಕೂತಿರುತ್ತಾನೆ. ಅದೇ ಮಳೆ ಅವನಿಗೆ ಮುತ್ತು, ನನಗೆ ಮೊಳಕೆ. ದೀಪಾವಳಿಗೆ ಮನೆಗೆ ಬಂದಾಗ ಯಾವ ದೇವರಿಗೆ ಏನು ಬೇಡಬೇಕು ಅಂತ ಇಬ್ಬರೂ ಮಾತಾಡುವುದಿಲ್ಲ.

ಕೊಯ್ಯುವುದೋ, ಬಿಡುವುದೋ

ಎರಡು ದಿನ ಇದೆ ಅಂತ ಗೊತ್ತಾಯಿತು. ತೆನೆಯಲ್ಲಿ ನೂರಕ್ಕೆ 80-85 ಕಾಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದರೆ ಕೊಯ್ಸಿಬಿಡಿ. ತೆನೆಯ ಬುಡದಿಂದ ನಾಲ್ಕು ಕಾಳು ಕಿತ್ತು ಹಲ್ಲಿನಲ್ಲಿ ಕಡಿಯಿರಿ. ಟಕ್ ಅಂದರೆ ಸರಿ. ಮೆತ್ತಗೆ ಅಪ್ಪಚ್ಚಿಯಾದರೆ, ಹಾಲು ಬಂದರೆ, ಬಿಡಿ. ಹಸಿ ಕಾಳು ಕೊಯ್ದು ಕಳೆದುಕೊಳ್ಳುವುದು ಖಾತ್ರಿ ನಷ್ಟ, ಮಳೆ ಬರುವುದು ಅಂದಾಜು. ನನ್ನ ಮೊದಲ ತಪ್ಪು ಅದೇ.

ಮಷಿನ್ ಹೇಳುವಾಗ ಚೈನ್ ಮಷಿನ್ ಅಂತಲೇ ಕೇಳಿ. ಟೈರಿನದ್ದಕ್ಕೆ ಬಾಡಿಗೆ ಕಡಿಮೆ, ಆದರೆ ಒಂದು ಹದ ಮಳೆಯಾದರೆ ಗದ್ದೆಯಲ್ಲಿ ಹೂತುಕೊಂಡು ನಿಲ್ಲುತ್ತದೆ, ಎತ್ತಲು ಇನ್ನೊಂದು ಟ್ರ್ಯಾಕ್ಟರ್. ಮಳೆ ಸುದ್ದಿ ಹಬ್ಬಿದ ಮೇಲೆ ಮಷಿನ್‌ನವರು ಗಂಟೆಗೆ ಹೇಳಿದ್ದೇ ರೇಟು. ಮೀನುಗಾರರ ಸಾಲು ಓದುವುದರ ಲಾಭ ಇಲ್ಲಿ ಕೈಗೆ ಸಿಗುತ್ತದೆ, ಊರಿಗಿಂತ ಒಂದು ದಿನ ಮುಂಚೆ ಫೋನ್ ಮಾಡಿರುತ್ತೀರಿ.

ಕೊಯ್ಯದೆ ಬಿಡುವುದಾದರೆ ಸುಮ್ಮನೆ ಬಿಡಬೇಡಿ. ಗದ್ದೆಯಲ್ಲಿ ನಿಂತ ನೀರು ಪೂರ್ತಿ ಹೊರಗೆ ಹೋಗಲಿ, ತಗ್ಗಿನ ಕಡೆ ಬದು ಒಡೆದು ಬಾಯಿ ಮಾಡಿ. ಬೇರು ಹಿಡಿದ ಮಣ್ಣು ಗಟ್ಟಿಯಾದಷ್ಟೂ ಗಾಳಿಗೆ ಬೆಳೆ ಮಲಗುವುದು ಕಡಿಮೆ. ಮಲಗಿಯೇ ಬಿಟ್ಟರೆ, ಮಳೆ ನಿಂತ ಕೂಡಲೇ ನಾಲ್ಕೈದು ಬುಡ ಸೇರಿಸಿ ಎತ್ತಿ ಕಟ್ಟಿಸಿ, ತೆನೆ ನೀರಿನಿಂದ ಮೇಲೆ ಇರಬೇಕು ಅಷ್ಟೇ. ಮೊಳಕೆ ಬಾರದ ಹಾಗೆ ಉಪ್ಪಿನ ನೀರು ಹೊಡೆಯುವುದು ಕ್ಯಾಂಪಿನವರಿಂದ ಕಲಿತದ್ದು, ಕೃಷಿ ವಿಜ್ಞಾನಿಗಳೂ ಅದನ್ನೇ ಹೇಳುತ್ತಾರೆ: ಲೀಟರಿಗೆ 50 ಗ್ರಾಂ ಕಲ್ಲುಪ್ಪು. ಎಕರೆಗೆ 200 ಲೀಟರ್ ಬೇಕಾದರೆ 10 ಕೆಜಿ ಉಪ್ಪು. ಉಪ್ಪನ್ನು ಹಿಂದಿನ ರಾತ್ರಿಯೇ ಬಕೆಟ್‌ನಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ. ಇಲ್ಲದಿದ್ದರೆ ಪಂಪಿನ ಮೂತಿ ಕಟ್ಟಿಕೊಳ್ಳುತ್ತದೆ. ಎಲೆಗಲ್ಲ, ತೆನೆ ತೊಯ್ಯುವ ಹಾಗೆ ಹೊಡೆಯಬೇಕು.

ತಾಡಪತ್ರಿ ಹಾಕುವುದೂ ಒಂದು ಕೆಲಸ

ಕಣದಲ್ಲಿ ರಾಶಿ ಇದ್ದವರಿಗೆ. ರಾಶಿಯನ್ನು ಗುಂಡಗೆ ಮಾಡಬೇಡಿ, ಬಡಗಣ-ತೆಂಕಣಕ್ಕೆ ಉದ್ದವಾಗಿ, ಆಮೆಯ ಬೆನ್ನಿನ ಹಾಗೆ ಮಾಡಿ. ಮಳೆಗೆ ಮುಂಚೆ ಬೀಸುವ ಬಡಗಣ ಗಾಳಿಗೆ ಆಗ ರಾಶಿಯ ಮೂತಿ ಮಾತ್ರ ಸಿಗುತ್ತದೆ, ಮೈ ಸಿಗುವುದಿಲ್ಲ. ಸುತ್ತ ಒಂದು ಗೇಣು ಆಳ ಕಾಲುವೆ ತೋಡಿ, ತಗ್ಗಿಗೆ ಹರಿಯಬಿಡಿ. ಮೇಲಿನಿಂದ ಬಿದ್ದ ನೀರಿಗಿಂತ ಕೆಳಗಿನಿಂದ ನುಗ್ಗಿದ ನೀರಿಗೇ ನಮ್ಮ ಹೆಚ್ಚು ನೆಲ್ಲು ಹಾಳಾಗಿರುವುದು.

ತಾಡಪತ್ರಿ ಎರಡು ತುಂಡಿದ್ದರೆ ಬಡಗಣದ ತುಂಡು ಮೇಲೆ ಬರಬೇಕು, ಮನೆ ಹಂಚಿನ ಹಾಗೆ, ಅರ್ಧ ಮಾರು ಒಂದರ ಮೇಲೊಂದು. ಉಲ್ಟಾ ಹಾಕಿದರೆ ಗಾಳಿ ಸಂದಿಯಲ್ಲಿ ಬಾಯಿ ಹಾಕಿ ಎತ್ತಿ ಒಗೆಯುತ್ತದೆ. ಅಂಚಿಗೆ ಕಲ್ಲು ಇಡುವುದು ಎಲ್ಲರ ರೂಢಿ. ಜೋರು ಗಾಳಿಗೆ ಕಲ್ಲು ಉರುಳುತ್ತದೆ, ಚೂಪು ಅಂಚಿಗೆ ಹರಿಯುತ್ತದೆ ಕೂಡ. ನಾನು ಹಳೇ ಚೀಲಕ್ಕೆ ಅರ್ಧ ಮಣ್ಣು ತುಂಬಿ, ಬಾಯಿ ಕಟ್ಟಿ, ಜೋಡಿ ಜೋಡಿಯಾಗಿ ಹಗ್ಗದಲ್ಲಿ ಬಿಗಿದು ರಾಶಿಯ ಎರಡೂ ಪಕ್ಕ ಜೋತುಬಿಡುತ್ತೇನೆ. ಕತ್ತೆಯ ಮೇಲೆ ಹೇರು ಹಾಕಿದ ಹಾಗೆ. ಎರಡು ಮಾರಿಗೆ ಒಂದು ಜೋಡಿ.

ಮಳೆ ನಿಂತು ಬಿಸಿಲು ಬಿದ್ದ ಕೂಡಲೇ ತೆಗೆಯಿರಿ. ಮುಚ್ಚಿದ ನೆಲ್ಲು ಒಳಗೇ ಬೆವರುತ್ತದೆ, ತಾಡಪತ್ರಿಯ ಒಳಮೈ ಮುಟ್ಟಿ ನೋಡಿದರೆ ನೀರು ತೊಟ್ಟಿಕ್ಕುತ್ತಿರುತ್ತದೆ. ಎರಡು ದಿನ ತೆಗೆಯಲು ಆಗದಿದ್ದರೆ ಕಬ್ಬಿಣದ ಸರಳು ರಾಶಿಯ ನಡುವೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆದು ತುದಿ ಹಿಡಿಯಿರಿ. ಬಿಸಿ ಇದ್ದರೆ ಮಳೆಯಲ್ಲೇ ಆದರೂ ತಾಡಪತ್ರಿಯ ಕೆಳಗೇ ಬುಡಮೇಲು ಮಾಡಲೇಬೇಕು. ನೆಲ್ಲು ಆಗಲೇ ನೆನೆದಿದ್ದರೆ ಕ್ವಿಂಟಲ್‌ಗೆ ಒಂದು ಕೆಜಿ ಉಪ್ಪು, 20 ಕೆಜಿ ಒಣ ಹೊಟ್ಟು ಕಲೆಸಿಡಿ. ಹೊಟ್ಟು ನೀರು ಎಳೆದುಕೊಳ್ಳುತ್ತದೆ, ಉಪ್ಪು ಮೊಳಕೆ ತಡೆಯುತ್ತದೆ. ಬಿಸಿಲು ಬಂದ ಮೇಲೆ ತೂರಿದರೆ ಹೊಟ್ಟು ಹೋಗುತ್ತದೆ. ಬೆಂಬಲ ಬೆಲೆ ಕೇಂದ್ರದಲ್ಲಿ ತೇವ ನೂರಕ್ಕೆ 17ರ ಒಳಗೆ ಇರಬೇಕು, ಮನೆಯಲ್ಲಿ ಇಟ್ಟುಕೊಳ್ಳಲು 14. ವ್ಯಾಪಾರಿಯ ಡಬ್ಬಿ ಹೇಳಿದ್ದನ್ನೇ ನಂಬದೆ ಇನ್ನೊಂದು ಕಡೆಯೂ ತೋರಿಸಿ. ನನಗೆ ಒಮ್ಮೆ ಒಂದೇ ಹಿಡಿ ಕಾಳಿಗೆ ಎರಡು ಡಬ್ಬಿಯಲ್ಲಿ ಮೂರು ಅಂಕ ವ್ಯತ್ಯಾಸ ಬಂದಿತ್ತು.

ರಸ್ತೆಯ ಮೇಲೆ ಹರವುವವರು ರಾತ್ರಿ ಸುತ್ತ ಕಲ್ಲು ಇಟ್ಟು ಬರಬೇಡಿ. ಬೈಕಿನವರು ಬೀಳುತ್ತಾರೆ. ಗುಡುಗು ಶುರುವಾದಾಗ ಕಣದಲ್ಲಿ ಬೇವಿನ ಮರದ ಕೆಳಗೆ ನಿಲ್ಲಬೇಡಿ. ದಾಮಿನಿ ಆ್ಯಪ್ ಹತ್ತಿರದ ಸಿಡಿಲು ತೋರಿಸುತ್ತದೆ.

ಇಷ್ಟೆಲ್ಲಾ ಮಾಡಿಯೂ ಹೋದರೆ, ಬೆಳೆ ವಿಮೆ ಕಟ್ಟಿದವರು 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೂ 14 ದಿನದ ತನಕ ವಿಮೆ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಕೊಯ್ದ ದಿನವೇ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ, ನೆನೆದ ಮೇಲೆ ಇನ್ನೊಂದು. 2021ರಲ್ಲಿ ನಾನು ತಿಳಿಸಲು ಹೋದದ್ದು ಐದನೇ ದಿನ, ಅಷ್ಟರೊಳಗೆ ಎಲ್ಲಾ ಮುಗಿದಿತ್ತು.

ಮೊನ್ನೆ ಅರಬೈಲಿನಿಂದ ಮತ್ತೆ ಫೋನ್ ಬಂತು. ಮಳೆಯ ಸದ್ದಿಗೆ ಅವರ ಮಾತೇ ಕೇಳುತ್ತಿರಲಿಲ್ಲ. “ಲಾರಿ ತಾಡಪತ್ರಿ ಹಗ್ಗ ಇನ್ನೊಂದ್ಸಲ ಬಿಗೀರಿ, ಅಕ್ಕಿ ನೆನೆದಾವು” ಅಂದೆ. ಇಲ್ಲಿ ಬೆಳಿಗ್ಗೆ ನೆಲ್ಲಿನ ಮೇಲೆ ಇಬ್ಬನಿ ಸುರಿದಿತ್ತು, ಬದುವಿಗೆ ಹೋಗಿ ಬರುವಷ್ಟರಲ್ಲಿ ಮೊಣಕಾಲ ತನಕ ಸೀರೆ ಒದ್ದೆ.